ಬೆಲ್ಲದ ಅಚ್ಚು, ಉಣ್ಣೆ ಕೋಟು

ನಮ್ಮಪ್ಪ ಮಂಡ್ಯದ ಒಂದು ಸರ್ಕಾರಿ ಆಫೀಸಲ್ಲಿ ಗುಮಾಸ್ತರಾಗಿದ್ದರು. ಒಂದು ಯುಗಾದಿಗೆ ಆಲೆಮನೆಯವರೊಬ್ಬರು ಒಂದು ಚೀಲ ಅಚ್ಚುಬೆಲ್ಲವನ್ನು ಜಗುಲಿ ಮೇಲಿಟ್ಟು ಹೋದರು. ಅವರ ಫೈಲು ಅಪ್ಪನ ಟೇಬಲ್ ಮೇಲಿದೆ ಅಂತ ಅಮ್ಮನಿಗೆ ಹೇಗೆ ಗೊತ್ತಾಗಬೇಕು? ಸಂಜೆ ಅಪ್ಪ ಬರುವಷ್ಟರಲ್ಲಿ ನಾಲ್ಕು ಅಚ್ಚು ಒಬ್ಬಟ್ಟಿನ ಹೂರಣಕ್ಕೆ ಹೋಗಿತ್ತು. ಅಪ್ಪ ಅಂಗಡಿಯಿಂದ ನಾಲ್ಕು ಅಚ್ಚು ತಂದು ಚೀಲಕ್ಕೆ ಹಾಕಿ, ಬಾಯಿ ಹೊಲಿದು, ಸೈಕಲ್ ಕ್ಯಾರಿಯರ್‌ಗೆ ಕಟ್ಟಿಕೊಂಡು ಹೋಗಿ ವಾಪಸ್ ಕೊಟ್ಟು ಬಂದರು. ಹಬ್ಬದ ದಿನ ಪೂರ್ತಿ ಅಮ್ಮ ಮಾತಾಡಲಿಲ್ಲ.

ಮೊನ್ನೆ ಶೆರ್ಮನ್ ಆಡಮ್ಸ್ ಬಗ್ಗೆ ಓದುವಾಗ ಇದು ನೆನಪಾಯಿತು. ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಬಲಗೈ ಬಂಟ. ಅದಕ್ಕೂ ಮುಂಚೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಗವರ್ನರ್. ಯಾರೇ ಅಧ್ಯಕ್ಷರನ್ನು ನೋಡಬೇಕಂದರೂ ಇವರನ್ನು ದಾಟಿಯೇ ಹೋಗಬೇಕು. 1955ರಲ್ಲಿ ಐಸೆನ್‌ಹೋವರ್‌ಗೆ ಹೃದಯಾಘಾತ ಆದಮೇಲಂತೂ ಶ್ವೇತಭವನದ ದಿನನಿತ್ಯದ ಕೆಲಸವೆಲ್ಲ ಇವರ ಕೈಯಲ್ಲೇ ನಡೆಯುತ್ತಿತ್ತು. ಎಲ್ಲದಕ್ಕೂ 'ಆಗಲ್ಲ' ಅನ್ನೋ ಮನುಷ್ಯ ಅಂತಲೇ ಹೆಸರು. ಮಜಾ ಏನಂದ್ರೆ, ಹಿಂದಿನ ಟ್ರೂಮನ್ ಸರ್ಕಾರದವರು ತುಪ್ಪಳದ ಕೋಟು, ಫ್ರೀಜರ್ ಉಡುಗೊರೆ ತಗೊಂಡರು ಅಂತ ಬಯ್ದುಕೊಂಡೇ 1952ರ ಚುನಾವಣೆ ಗೆದ್ದ ಪಕ್ಷ ಇವರದ್ದು.

ಆಮೇಲೆ ಇವರಿಗೂ ಒಂದು ಕೋಟು ಬಂತು. ಬರ್ನಾರ್ಡ್ ಗೋಲ್ಡ್‌ಫೈನ್ ಅಂತ ಬಟ್ಟೆ ಮಿಲ್ಲಿನ ಮಾಲೀಕ, ಹಳೇ ಸ್ನೇಹಿತ. ವಿಕುನ್ಯಾ ಅಂತ ಆಂಡೀಸ್ ಬೆಟ್ಟದ ಪ್ರಾಣಿ, ಅದರ ಉಣ್ಣೆ ಮಹಾ ನುಣುಪು, ಮಹಾ ದುಬಾರಿ. ಅದರ ಕೋಟು ಕೊಟ್ಟ, ಮನೆಗೆ ಕಾರ್ಪೆಟ್ ಕಳಿಸಿದ, ಬಾಸ್ಟನ್ನಿನ ಹೋಟೆಲ್ ಬಿಲ್ಲು ಕಟ್ಟಿದ. ಉಣ್ಣೆ ಬಟ್ಟೆಗೆ ತಪ್ಪು ಲೇಬಲ್ ಹಾಕಿದ್ದಾನೆ ಅಂತ ಅವನ ಮಿಲ್ಲಿನ ಮೇಲೆ ಸರ್ಕಾರದ ಕಣ್ಣು ಬಿದ್ದಿತ್ತು. ಆಡಮ್ಸ್ ಆ ಇಲಾಖೆಗೆ ಫೋನ್ ಮಾಡಿ ವಿಚಾರಿಸಿದರು. ಸುಮ್ನೆ ವಿಚಾರಿಸಿದ್ದು, ಅಷ್ಟೇ. ಆದರೆ ಶ್ವೇತಭವನದಿಂದ ಫೋನ್ ಬಂದರೆ ಅದು ಬರೀ ವಿಚಾರಣೆ ಅಂತ ಯಾವ ಗುಮಾಸ್ತ ತಿಳ್ಕೊಳ್ತಾನೆ, ಹೇಳಿ? ನನಗೆ ಕೋಟಿಗಿಂತ ಆ ಫೋನೇ ಜಾಸ್ತಿ ಚುಚ್ಚುತ್ತೆ.

1958ರ ಜೂನ್‌ನಲ್ಲಿ ಸಂಸತ್ತಿನ ಸಮಿತಿ ಮುಂದೆ ನಿಂತು, ನಾನು ಇನ್ನೂ ಹುಷಾರಾಗಿರಬೇಕಿತ್ತು ಅಂತ ಒಪ್ಪಿಕೊಂಡರು. ಅವರು ನನಗೆ ಬೇಕು ಅಂದರು ಅಧ್ಯಕ್ಷರು. ಸೆಪ್ಟೆಂಬರ್‌ನಲ್ಲಿ ಮೇಯ್ನ್ ರಾಜ್ಯದಲ್ಲಿ ಪಕ್ಷ ಸೋತಿತು, ಅದೇ ತಿಂಗಳು 22ಕ್ಕೆ ಆಡಮ್ಸ್ ರಾಜೀನಾಮೆ ಕೊಟ್ಟರು. ಊರಿಗೆ ಹೋಗಿ ಮುಂದೆ ಲೂನ್ ಮೌಂಟನ್ ಅಂತ ಹಿಮದಲ್ಲಿ ಜಾರೋ ಸ್ಕೀ ತಾಣ ಕಟ್ಟಿದರು.

ನಾನೀಗ ಇರೋದು ಮೈಸೂರಲ್ಲಿ. ಭಾನುವಾರ ಫೋನಲ್ಲಿ ಅಪ್ಪನಿಗೆ ಇದೆಲ್ಲ ಹೇಳಿದೆ. "ಬಂದ ದಿನವೇ ಕೋಟು ವಾಪಸ್ ಕಳಿಸಬೇಕಿತ್ತು" ಅಂದರು. ಹಿಂದಿನಿಂದ ಅಮ್ಮನ ದನಿ ಕೇಳಿಸಿತು: "ಅಷ್ಟೊತ್ತಿಗೆ ಹಾಕ್ಕೊಂಡಿರ್ತಾರೆ ಬಿಡಿ. ಒಬ್ಬಟ್ಟು ನೀವೂ ತಿಂದ್ರಲ್ಲ!"