ಖಾಲಿ ಸಿಗ್ನಲ್, ಖಾಲಿ ಹೈವೇ

ಭಾವ ಕಾರು ಓಡಿಸುತ್ತಿದ್ದರು, ನಾನು ಪಕ್ಕದ ಸೀಟಿನಲ್ಲಿದ್ದೆ. ಹೈವೇ ಹತ್ತುವ ಮೊದಲು ಒಂದು ಸಿಗ್ನಲ್. ಕೆಂಪು ದೀಪ. ಹುಡುಗನೊಬ್ಬ ಸೈಕಲ್ಲಿನಲ್ಲಿ ಬಂದ, ಆ ಕಡೆ ಈ ಕಡೆ ನೋಡಿದ, ಹೋಗೇಬಿಟ್ಟ.

"ನೋಡಿದ್ಯಾ ನಿಮ್ಮೋರ ಕಥೆ? ಸೈಕಲ್ಲಿಗೂ ನಂಬರ್ ಪ್ಲೇಟ್ ಕೊಟ್ಟು ದಂಡ ಹಾಕ್ಬೇಕು" ಅಂದರು. ನಿಮ್ಮೋರು ಅಂದರೆ ನಾನು, ದಿನಾ ಆಫೀಸಿಗೆ ಸೈಕಲ್ ತುಳಿಯುವವನು.

ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಮಿತಿ 100 ಅನ್ನುವ ಬೋರ್ಡು ಹಿಂದೆ ಹೋಯಿತು, ಮುಳ್ಳು ಮಾತ್ರ 120ರಲ್ಲಿತ್ತು. ಬೆರಳು ಮಾಡಿ ತೋರಿಸಿದೆ.

"ರೋಡ್ ಖಾಲಿ ಇದೆಯಲ್ಲೋ!"

ಆ ಹುಡುಗನನ್ನು ನಿಲ್ಲಿಸಿ ಕೇಳಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ, ಅಲ್ವಾ?

ನಾನೇನೂ ಸಾಚಾ ಅಲ್ಲ. ನಿಂತ ಸೈಕಲ್ಲನ್ನು ಮತ್ತೆ ಓಟಕ್ಕೆ ತರುವ ಕಷ್ಟ ತುಳಿಯುವ ಕಾಲಿಗೇ ಗೊತ್ತು. ಅಮೆರಿಕದ ಐಡಹೊ ರಾಜ್ಯ 1982ರಲ್ಲೇ ಇದನ್ನು ಒಪ್ಪಿಕೊಂಡಿದೆ. ಅಲ್ಲಿ ಸ್ಟಾಪ್ ಬೋರ್ಡಿನ ಹತ್ತಿರ ಸೈಕಲ್ಲಿನವರು ನಿಧಾನ ಮಾಡಿ, ಬರುವವರಿಗೆ ದಾರಿ ಬಿಟ್ಟು, ಪೂರ್ತಿ ನಿಲ್ಲದೆ ಹೋಗಬಹುದು. ಈ ಕಾನೂನನ್ನು ಎಷ್ಟೋ ಜನರಿಗೆ ಹೇಳಿ ವಾದ ಗೆದ್ದಿದ್ದೇನೆ. ಆದರೆ ಒಂದು ಬೆಳಗ್ಗೆ ಹೀಗೇ ಕೆಂಪು ದೀಪ ದಾಟುವಾಗ ಅಜ್ಜ ಒಬ್ಬರು ಕೋಲು ಊರಿಕೊಂಡು ಅಡ್ಡ ಬಂದರು. ನಾನು ಕಾರು ಬರುತ್ತಾ ಅಂತ ನೋಡಿದ್ದೆ, ಅವರನ್ನು ನೋಡಿರಲಿಲ್ಲ. ಬ್ರೇಕ್ ಹಿಡಿಯಿತು, ಸದ್ಯ. ಅವರು ಸುಮ್ನೆ ನನ್ನ ಮುಖ ನೋಡಿದರು. ಬೈದಿದ್ದರೆ ವಾಸಿಯಿತ್ತು. ಆಮೇಲಿಂದ ನಿಲ್ಲುತ್ತೇನೆ. ಹೆಚ್ಚುಕಮ್ಮಿ ಯಾವಾಗಲೂ.

ಭಾವ ಬಿಡಲಿಲ್ಲ. "ಜರ್ಮನಿ ನೋಡು, ಆಟೋಬಾನ್‌ ಅನ್ನೋ ಹೈವೇಲಿ ಮಿತಿನೇ ಇಲ್ಲ."

ಅರ್ಧ ನಿಜ. ಎಷ್ಟೋ ಕಡೆ ಮಿತಿ ಇದೆ. ಇಲ್ಲದ ಕಡೆಯೂ 130 ಸಾಕು ಅನ್ನುವ ಸಲಹೆ 1978ರಿಂದ ಇದೆ. ಅದನ್ನು ಮೀರಿ ಹೋಗುವಾಗ ಅಪಘಾತವಾದರೆ, ತಪ್ಪು ಎದುರಿನವರದೇ ಆದರೂ ಹೊಣೆಯ ಒಂದು ಪಾಲು ನಮ್ಮ ತಲೆಗೆ ಬರಬಹುದು. ಪಕ್ಕದ ನೆದರ್ಲೆಂಡ್ಸ್ 2020ರಲ್ಲಿ ಹಗಲಿನ ಮಿತಿಯನ್ನು 100ಕ್ಕೆ ಇಳಿಸಿತು. ಕಾರಣ ಅಪಘಾತ ಅಲ್ಲ, ಹೊಗೆಯಲ್ಲಿ ಬರುವ ಸಾರಜನಕದ ಮಾಲಿನ್ಯ.

"ನೂರು ಕಿಲೋಮೀಟರಿಗೆ ಉಳಿಯೋದು ಹತ್ತೇ ನಿಮಿಷ ಭಾವ" ಅಂದೆ.

"ನೀನು ಸಿಗ್ನಲ್ಲಲ್ಲಿ ಉಳಿಸ್ತಿದ್ದದ್ದು ಎಷ್ಟು, ಒಂದು ನಿಮಿಷಾನಾ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮೊಬೈಲಿನಲ್ಲಿ ಲೆಕ್ಕ ಹಾಕಿದೆ. ನಾನೂ ಸೈಕಲ್ಲೂ ಸೇರಿ 90 ಕಿಲೋ, ವೇಗ 15. ಕಾರು 1,400 ಕಿಲೋ, ವೇಗ 120. ವೇಗ ಎಂಟು ಪಟ್ಟಾದರೆ ಹೊಡೆತದ ಶಕ್ತಿ ಅರವತ್ನಾಲ್ಕು ಪಟ್ಟಾಗುತ್ತದೆ. ಅದರ ಮೇಲೆ ತೂಕ ಬೇರೆ.

"ನಿಮ್ಮ ಕಾರು ಗುದ್ದಿದರೆ ನನ್ನ ಸೈಕಲ್ ಗುದ್ದಿದ್ದಕ್ಕಿಂತ ಹತ್ತಿರ ಹತ್ತಿರ ಸಾವಿರ ಪಟ್ಟು ಜಾಸ್ತಿ."

ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ತೊಂಬತ್ತು ಕಿಲೋನಾ ನೀನು?"

"ಸೈಕಲ್ ಸೇರಿಸಿ ಭಾವ."

ನಕ್ಕರು. ಮುಳ್ಳು ನೋಡಿದೆ, 105ಕ್ಕೆ ಇಳಿದಿತ್ತು.