ವರದಿಯಲ್ಲಿ ಮಾಸಿಗೆ ಒಂದೇ ಸಾಲು

32ನೇ ವಾರದ ತಪಾಸಣೆಯ ದಿನ ಡಾಕ್ಟರು ಟೇಪು ಎರಡು ಸಲ ಹಿಡಿದರು. ಮೊದಲ ಸಲ ಅಳೆದು ಸುಮ್ಮನಾದರು. ಕೆಳಹೊಟ್ಟೆಯ ಮೂಳೆಯಿಂದ ಗರ್ಭಕೋಶದ ಮೇಲ್ತುದಿಯವರೆಗೆ ಮತ್ತೊಮ್ಮೆ ಅಳೆದು, "28 ಸೆಂಟಿಮೀಟರ್ ಬರ್ತಿದೆ ನೋಡಿ" ಅಂದರು. ಆರು ತಿಂಗಳಾದ ಮೇಲೆ ಎಷ್ಟು ವಾರವೋ ಹೆಚ್ಚುಕಡಿಮೆ ಅಷ್ಟು ಸೆಂಟಿಮೀಟರ್ ಇರಬೇಕಂತೆ. ಒಂದೆರಡು ಆಚೀಚೆಯಾದರೆ ಪರವಾಗಿಲ್ಲ, ನಾಲ್ಕು ಕಡಿಮೆ ಅಂದರೆ ಸ್ಕ್ಯಾನ್ ಮಾಡಿಸಲೇಬೇಕು.

ಸ್ಕ್ಯಾನ್ ಕೋಣೆಯಲ್ಲಿ ಕತ್ತು ಹೊರಳಿಸಿಕೊಂಡು ಪರದೆ ನೋಡುತ್ತಾ ಮಲಗಿದ್ದೆ. ಮಗುವಿನ ತಲೆಯ ಈ ಅಂಚಿಗೊಂದು ಪುಟ್ಟ ಗುರುತು, ಆ ಅಂಚಿಗೊಂದು, ನಡುವೆ ಚುಕ್ಕಿಗೆರೆ. ತೊಡೆಮೂಳೆ ಬೆಳ್ಳಗೆ ಕಡ್ಡಿಯ ಹಾಗೆ ಕಂಡಿತು. ಹೊಟ್ಟೆಯ ಸುತ್ತ ಚುಕ್ಕಿಗಳ ಬಳೆ ಎಳೆಯುವಾಗ ಮಾತ್ರ ಆ ಡಾಕ್ಟರ ಕೈ ತಡೆಯಿತು. ಎಳೆದರು, ಅಳಿಸಿದರು, ಮತ್ತೆ ಎಳೆದರು. ಮೂರು ಸಲ. ತಲೆ 32 ವಾರಕ್ಕೆ ಸರಿಯಾಗಿತ್ತು, ಹೊಟ್ಟೆ 29 ವಾರದ್ದು. ಅಂದಾಜು ತೂಕ 1,530 ಗ್ರಾಂ. ಅದೇ ವಾರದ ನೂರು ಮಕ್ಕಳನ್ನು ತೂಕದ ಪ್ರಕಾರ ಸಾಲಾಗಿ ಇಟ್ಟರೆ ನನ್ನದು ಕೆಳಗಿನ ಹತ್ತರೊಳಗೆ ಬರುತ್ತದೆ.

"ತಲೆ ಸರಿಯಿದ್ದು ಹೊಟ್ಟೆ ಮಾತ್ರ ಯಾಕೆ ಮೇಡಂ?" ಎಂದೆ.

"ಸಾಕಷ್ಟು ಪೋಷಣೆ ಸಿಗದಿದ್ದಾಗ ಮಗು ಮೊದಲು ಮೆದುಳಿಗೆ ರಕ್ತ ಕೊಟ್ಕೊಳ್ಳುತ್ತಮ್ಮ. ಲಿವರ್‌ನಲ್ಲಿ ಕೂಡಿಡೋದು ಕಡಿಮೆ ಆಗುತ್ತೆ. ಅದಕ್ಕೇ ಹೊಟ್ಟೆ ಸುತ್ತಳತೆ ಮೊದಲು ಹಿಂದೆ ಬೀಳೋದು."

ಅಷ್ಟು ಚಿಕ್ಕ ಜೀವ ಒಳಗೇ ಕೂತು ಹೀಗೊಂದು ಲೆಕ್ಕ ಹಾಕಿಕೊಂಡಿದೆಯಲ್ಲ ಎಂದು ಗಂಟಲು ಕಟ್ಟಿತು.

ಆಮೇಲೆ ಡಾಪ್ಲರ್, ರಕ್ತದ ಹರಿವು ನೋಡುವ ಸ್ಕ್ಯಾನ್. ಹೊಕ್ಕುಳಬಳ್ಳಿಯ ರಕ್ತ ಪರದೆಯ ಮೇಲೆ ಗರಗಸದ ಹಲ್ಲುಗಳಂತೆ ಮೂಡಿತು. ಎರಡು ಹಲ್ಲುಗಳ ನಡುವಿನ ತಗ್ಗನ್ನು ತೋರಿಸಿ, "ಎರಡು ಬಡಿತದ ಮಧ್ಯದಲ್ಲೂ ರಕ್ತ ಮಾಸಿನ ಕಡೆ, ಅಂದ್ರೆ ಪ್ಲಾಸೆಂಟಾ ಕಡೆ, ಹರೀತಾನೇ ಇದೆ. ಇದು ನಿಂತ್ರೆ, ಇಲ್ಲ ಹಿಂದಕ್ಕೆ ತಿರುಗಿದ್ರೆ ಯೋಚನೆ ಮಾಡ್ಬೇಕಾಗುತ್ತೆ" ಅಂದರು.

ವರದಿಯಲ್ಲಿ ಮಗುವಿನ ಅಳತೆಗಳೇ ಅರ್ಧ ಪುಟ. ಮಾಸಿನ ಬಗ್ಗೆ ಇದ್ದದ್ದು ಒಂದೇ ಸಾಲು: ಮುಂಗೋಡೆಯಲ್ಲಿದೆ, ಗರ್ಭಕೋಶದ ಬಾಯಿಗೆ ಅಡ್ಡವಿಲ್ಲ. ಎಲ್ಲಿದೆ ಎಂಬುದಷ್ಟೇ, ಎಷ್ಟಿದೆ ಎಂಬುದಿಲ್ಲ. ಮಗುವಿಗೆ ಉಣಿಸುವುದೇ ಅದು, ಅದನ್ನೇ ಅಳೆಯದಿದ್ದರೆ ಹೇಗೆ? ಕೇಳಿಯೇಬಿಟ್ಟೆ. ಅವರು ಬೇಸರಿಸದೆ ಮತ್ತೆ ಪ್ರೋಬ್ ಇಟ್ಟು ದಪ್ಪ ಅಳೆದರು: 25 ಮಿಲಿಮೀಟರ್. ದಪ್ಪವೂ ಸುಮಾರಾಗಿ ವಾರದಷ್ಟೇ ಮಿಲಿಮೀಟರ್ ಇರುತ್ತದೆ, ಆದರೆ ತೆಳ್ಳಗಿದ್ದೂ ಅಗಲವಾಗಿ ಹರಡಿಕೊಂಡಿರಬಹುದು, ದಪ್ಪವೊಂದನ್ನೇ ನಂಬುವಂತಿಲ್ಲ ಎಂದರು. ಯೇಲ್ ವಿಶ್ವವಿದ್ಯಾಲಯದ ಹಾರ್ವೆ ಕ್ಲೈಮನ್ ಅವರು ಅಗಲ, ಎತ್ತರ, ದಪ್ಪ ಮೂರನ್ನೂ ಅಳೆದು ಮಾಸಿನ ಗಾತ್ರ ಅಂದಾಜಿಸುವ ಸೂತ್ರ ಮಾಡಿದ್ದಾರೆಂದು ಆಮೇಲೆ ಓದಿದೆ. ಎಲ್ಲ ಗರ್ಭಿಣಿಯರಿಗೂ ಅದನ್ನು ಮಾಡುವ ರೂಢಿ ಬಂದಿಲ್ಲ. ಬರಬೇಕು ಎಂಬುದು ನನ್ನ ಆಸೆ.

ಮುಂದಿನ ಸ್ಕ್ಯಾನ್ ಎರಡು ವಾರ ಬಿಟ್ಟು. ನಾಳೆಯೇ ಮಾಡಬಾರದೇ ಎಂದರೆ, ತೂಕದ ಅಂದಾಜಿನಲ್ಲೇ ಶೇಕಡಾ 10-15ರಷ್ಟು ತಪ್ಪಿರಬಹುದು, ನಡುವೆ ದಿನ ಕಳೆಯದಿದ್ದರೆ ಬೆಳೆದದ್ದು ಯಾವುದು, ತಪ್ಪು ಯಾವುದು ಗೊತ್ತಾಗುವುದಿಲ್ಲವಂತೆ. ಆ ಹದಿನಾಲ್ಕು ರಾತ್ರಿ ಹೊಟ್ಟೆಯ ಮೇಲೆ ಕೈಯಿಟ್ಟು, ಪ್ರತಿ ಒದೆತಕ್ಕೂ ಉಸಿರು ಬಿಡುತ್ತಿದ್ದೆ.

ಎರಡನೇ ಸಲ 1,900 ಗ್ರಾಂ. ಇನ್ನೂ ಚಿಕ್ಕದೇ, ಆದರೆ ಬೆಳೆಯುತ್ತಿತ್ತು.

37ನೇ ವಾರದಲ್ಲಿ ಹೆರಿಗೆ ಮಾಡಿಸಿದರು. ಮಗಳು 2,300 ಗ್ರಾಂ, ಕೋಣೆ ತುಂಬುವ ಅಳು. ಮಾಸನ್ನೂ ತೂಗಿ ಎಂದು ನಾನೇ ಕೇಳಿಕೊಂಡೆ. 350 ಗ್ರಾಂ, ದಿನ ತುಂಬಿದಾಗ ಸಾಮಾನ್ಯವಾಗಿ ಅರ್ಧ ಕಿಲೋ ಇರುತ್ತದೆ. ಸಿಸ್ಟರ್ ಎರಡೂ ಕೈಯಲ್ಲಿ ಅಗಲಿಸಿ ತೋರಿಸಿದರು. ಬಳ್ಳಿ ಸೇರುವಲ್ಲಿಂದ ನೀಲಿ ನರಗಳು ಎಲೆಯ ಮೇಲಿನಂತೆ ಅಂಚಿನವರೆಗೂ ಕವಲೊಡೆದಿದ್ದವು. ಕೈಚಾಚಿ ಮುಟ್ಟಿದೆ. ಇನ್ನೂ ಬೆಚ್ಚಗಿತ್ತು.