1-69ರ ಮೂರನೇ ಅಲೀಲ್: ಜೆ6 ಕೊಟ್ಟ ಸಾಕ್ಷಿ

ಕೊನೆಗೂ ಸಿಕ್ಕಿತು! ಒಬ್ಬ ರಕ್ತದಾನಿಯ ಡೇಟಾದಲ್ಲಿ, ಆಂಟಿಬಾಡಿ ತಯಾರಿಸುವ ಜೀನ್‌ಗಳಲ್ಲಿ ಒಂದಾದ ಐಜಿಎಚ್‌ವಿ1-69ಕ್ಕೆ (ಮುಂದೆ ಬರೀ 1-69), *01 ಮತ್ತು *02ರ ಜೊತೆಗೆ ಮೂರನೆಯದಾಗಿ ಕಾಣಿಸಿಕೊಳ್ಳುತ್ತಿದ್ದ *06 ನಿಜವಾದ ಅಲೀಲೇ, ಅಂದರೆ ಹುಟ್ಟಿನಿಂದ ಬಂದ ಜೀನ್ ರೂಪವೇ (ನಕ್ಷತ್ರದ ಮುಂದಿನ ಸಂಖ್ಯೆ ಆ ರೂಪದ ಹೆಸರು). ಪಿಸಿಆರ್‌ನಲ್ಲಿ (ಲ್ಯಾಬಿನಲ್ಲಿ ಡಿಎನ್‌ಎ ನಕಲು ಮಾಡುವಾಗ) ಹುಟ್ಟಿದ ಕಸ ಅಲ್ಲ, ಜೀವಕೋಶದಲ್ಲಿ ಆಮೇಲೆ ಆದ ಮ್ಯುಟೇಶನ್ ಕೂಡ ಅಲ್ಲ. ನಿನ್ನೆ ರಾತ್ರಿ ಫಲಿತಾಂಶದ ಟೇಬಲ್ ತೆರೆದು ನೋಡಿದಾಗ ಖುಷಿಗೆ ನಿದ್ದೆಯೇ ಬರಲಿಲ್ಲ.

ಎಸ್‌ಆರ್‌ಎ ಎಂಬ ಸಾರ್ವಜನಿಕ ಸೀಕ್ವೆನ್ಸ್ ಸಂಗ್ರಹದಿಂದ ಡೌನ್‌ಲೋಡ್, ಆಮೇಲೆ ಈ ಕೆಲಸದ ಸಾಫ್ಟ್‌ವೇರ್‌ಗಳು: ಪ್ರೆಸ್ಟೋದಲ್ಲಿ ಶುದ್ಧಿ, ಇಗ್‌ಬ್ಲಾಸ್ಟ್, ಚೇಂಜ್-ಓ, ಕೊನೆಗೆ ಅಲೀಲ್ ಪತ್ತೆಗೆ ಟಿಗರ್. ಇದೆಲ್ಲ ನೀವು ದಿನಾ ಮಾಡುವುದೇ, ಬಿಟ್ಟುಬಿಡುತ್ತೇನೆ. ನೇರವಾಗಿ ತಲೆನೋವಿನ ವಿಷಯಕ್ಕೆ ಬರುತ್ತೇನೆ.

ಒಬ್ಬ ಮನುಷ್ಯನಲ್ಲಿ ಒಂದು ಜೀನ್‌ಗೆ ಮೂರು ಅಲೀಲ್ ಕಂಡರೆ ಮೊದಲು ಅನುಮಾನ ಬರುವುದು ಸಹಜ. ಆದರೆ 1-69 ಅಂಥ ಸಾಮಾನ್ಯ ಜೀನ್ ಅಲ್ಲ. 14ನೇ ಕ್ರೋಮೋಸೋಮಿನ ತುದಿಯಲ್ಲಿರುವ ಈ ಭಾಗದಲ್ಲಿ ಕೆಲವರಿಗೆ ಒಂದು ದೊಡ್ಡ ತುಂಡೇ ಹೆಚ್ಚುವರಿಯಾಗಿ ಇರುತ್ತದೆ. ಅದರೊಳಗೆ 1-69ಡಿ, 1-69-2, 2-70ಡಿ ಎಲ್ಲ ಸೇರಿಕೊಂಡಿರುತ್ತವೆ. ಅಂದರೆ ಒಂದೇ ಕ್ರೋಮೋಸೋಮಿನಲ್ಲಿ 1-69ರ ಎರಡು ಪ್ರತಿ. ಎರಡೂ ಕ್ರೋಮೋಸೋಮಿನಲ್ಲಿ ಹಾಗೆ ಇದ್ದರೆ ನಾಲ್ಕು ಅಲೀಲ್ ತನಕ ಸಾಧ್ಯ. ಹಾಗಾಗಿ ಮೂರು ಅಂದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ. ನಂಬುವುದು ಹೇಗೆ ಅನ್ನುವುದೇ ಪ್ರಶ್ನೆ.

ಕಾಟ ಕೊಟ್ಟಿದ್ದು ಈ ಮೂರರ ಡಿಎನ್‌ಎ ಅಕ್ಷರಗಳು. *01ರಲ್ಲಿ ಸಿಡಿಆರ್2ರ (ಆಂಟಿಬಾಡಿ ಗುರಿಯನ್ನು ಮುಟ್ಟುವ ಕುಣಿಕೆಗಳಲ್ಲಿ ಎರಡನೆಯದು) 54ನೇ ಜಾಗದಲ್ಲಿ ಫಿನೈಲಅಲನಿನ್ ಎಂಬ ಅಮೈನೋ ಆಮ್ಲ ಇದೆ, *02ರಲ್ಲಿ ಅಲ್ಲೇ ಲ್ಯೂಸಿನ್. ಇನ್ನು ಸ್ವಲ್ಪ ಮುಂದೆ, ಕುಣಿಕೆಗಳ ನಡುವಿನ ಚೌಕಟ್ಟು ಭಾಗವಾದ ಎಫ್‌ಆರ್3ರಲ್ಲಿ, *01ರಲ್ಲಿ ಜಿಎಎ ಇರುವ ಕಡೆ *02ರಲ್ಲಿ ಎಎಎ ಇದೆ. ಗ್ಲುಟಮಿಕ್ ಆಮ್ಲದ ಜಾಗಕ್ಕೆ ಲೈಸಿನ್. ಈಗ *06 ನೋಡಿ: ಮುಂಭಾಗ ಪೂರ್ತಿ *01, ಫಿನೈಲಅಲನಿನ್ ಸಮೇತ. ಹಿಂಭಾಗದಲ್ಲಿ *02ರ ಹಾಗೆ ಎಎಎ. ನಡುವೆ ಸುಮಾರು 50 ಅಕ್ಷರ ಮೂರರಲ್ಲೂ ಒಂದೇ. ಪಿಸಿಆರ್‌ನಲ್ಲಿ ಎರಡು ಪ್ರತಿ ಅದಲುಬದಲಾಗಲು ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಪಿಸಿಆರ್ ಕೈಮೆರಾ ಹೇಗೆ ಹುಟ್ಟುತ್ತದೆ ಎಂದು ಹೊಸಬರಿಗಾಗಿ ಒಂದು ಮಾತು. ಅರ್ಧ ನಕಲಾಗಿ ನಿಂತ ತುಂಡು ಮುಂದಿನ ಸೈಕಲ್‌ನಲ್ಲಿ ಬೇರೆ ಅಚ್ಚಿಗೆ ಅಂಟಿ ಅದರ ಉಳಿದ ಭಾಗವನ್ನು ನಕಲು ಮಾಡುತ್ತದೆ. ಬೆಂಗಳೂರಿನಲ್ಲಿ ಶಿವಮೊಗ್ಗದ ಬಸ್ ಹತ್ತಿ, ತುಮಕೂರಿನಲ್ಲಿ ಇಳಿದು ಚಿತ್ರದುರ್ಗದ ಬಸ್ ಹತ್ತಿದರೆ ತಲುಪುವುದು ಚಿತ್ರದುರ್ಗವನ್ನೇ ಅಲ್ವಾ? ಈ ತಲುಪುವ ಊರೇ ನನಗೆ ದಾರಿ ತೋರಿಸಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಹಿಡಿದ ಡೇಟಾದ ಬಗ್ಗೆ ಸ್ವಲ್ಪ ಗೊಣಗಲೇಬೇಕು. ರೀಡ್‌ಗಳು (ಯಂತ್ರ ಓದಿದ ಸೀಕ್ವೆನ್ಸ್‌ಗಳು) ಧಾರಾಳವಾಗಿದ್ದವು, ಗುಣಮಟ್ಟವೂ ಚೆನ್ನಾಗಿತ್ತು. ಆದರೆ ಹಿಂಬದಿಯ ಪ್ರೈಮರ್ (ನಕಲು ಶುರುಮಾಡಲು ಅಂಟಿಸುವ ಚಿಕ್ಕ ಡಿಎನ್‌ಎ ತುಂಡು) ಜೆ ಜೀನ್ ಮೇಲೆಯೇ ಕೂತಿತ್ತು. ಯಾವ ಪ್ರೈಮರ್, ಎಷ್ಟು ಉದ್ದ ಅನ್ನುವುದನ್ನು ಅಪ್‌ಲೋಡ್ ಮಾಡಿದವರು ಎಲ್ಲೂ ಬರೆದಿರಲಿಲ್ಲ. "ನಮ್ಮ ಲ್ಯಾಬಿನ ಪ್ರೈಮರ್" ಅಂತ ಒಂದು ಸಾಲು, ಅಷ್ಟೇ. ಮೇಲ್ ಹಾಕಿದೆ, ಉತ್ತರ ಇಲ್ಲ. ಸಾರ್ವಜನಿಕ ಹಣದಲ್ಲಿ, ದಾನಿಗಳು ಕೊಟ್ಟ ರಕ್ತದಿಂದ ಬಂದ ಡೇಟಾ ಇದು. ಪ್ರೈಮರ್ ಪಟ್ಟಿ ಒಂದು ಪುಟವೂ ಆಗುವುದಿಲ್ಲ. ದಯವಿಟ್ಟು ಹಾಕಿ. 2015ರಲ್ಲಿ ಶುರುವಾದ, ಇಂಥ ಡೇಟಾ ಬಳಸುವವರ ಎಐಆರ್‌ಆರ್ ಸಮುದಾಯ ಇದಕ್ಕಾಗಿಯೇ ಮಾನದಂಡ ಮಾಡಿಟ್ಟಿದೆ. ಅದನ್ನು ತುಂಬುವುದು ಒಂದು ಮಧ್ಯಾಹ್ನದ ಕೆಲಸ.

ಪ್ರೈಮರ್ ಯಾಕೆ ಅಷ್ಟು ಮುಖ್ಯ? ನನ್ನ ಇಡೀ ಪರೀಕ್ಷೆ ನಿಂತಿರುವುದು ಜೆ6 ಮೇಲೆ. ಆಂಟಿಬಾಡಿಯ ಜೀನ್ ತಯಾರಾಗುವುದು ವಿ (1-69 ಅಂಥದ್ದೊಂದು), ಡಿ, ಜೆ (ಜೆ6 ಅಂಥದ್ದೊಂದು) ತುಂಡುಗಳು ಸೇರಿ, ಮತ್ತು ಅವು ಸೇರುವುದು ಒಂದೇ ಕ್ರೋಮೋಸೋಮಿನೊಳಗೆ. ಹಾಗಾಗಿ ಒಂದು ಆಂಟಿಬಾಡಿಯ ವಿ ಮತ್ತು ಜೆ ಎರಡೂ ಅಪ್ಪನ ಕಡೆಯವು ಇಲ್ಲವೇ ಎರಡೂ ಅಮ್ಮನ ಕಡೆಯವು. ದಾನಿಯಲ್ಲಿ ಜೆ6*02 ಮತ್ತು ಜೆ6*03 ಎರಡೂ ಇದ್ದರೆ ಜೆ6 ಒಂದು ಲೇಬಲ್ ಆಗುತ್ತದೆ. ಯಾವ ವಿ ಅಲೀಲ್ ಯಾವ ಜೆ6 ಜೊತೆ ಬರುತ್ತದೆ ಎಂದು ಎಣಿಸಿದರೆ ಎರಡು ಕ್ರೋಮೋಸೋಮುಗಳು ತಾವಾಗಿಯೇ ಬೇರೆ ಬೇರೆಯಾಗುತ್ತವೆ. ಈ ಜೀನ್‌ಗಳ ಡೇಟಾಬೇಸ್ ಆದ ವಿಡಿಜೆಬೇಸ್‌ನಲ್ಲಿ ಇರುವ ಹ್ಯಾಪ್ಲೋಟೈಪ್ (ಒಂದೇ ಕ್ರೋಮೋಸೋಮಿನಲ್ಲಿ ಒಟ್ಟಿಗಿರುವ ಅಲೀಲ್‌ಗಳ) ಚಿತ್ರಗಳು ಬಂದಿದ್ದೂ ಇದೇ ಉಪಾಯದಿಂದ.

ಎರಡು ಜೆ6 ನಡುವಿನ ವ್ಯತ್ಯಾಸ ಚಿಕ್ಕದು. *02ರಲ್ಲಿ ಟಿಎಸಿಗಳ ಸಾಲು ಮುಗಿದ ಮೇಲೆ ಜಿಜಿಟಿ ಬರುತ್ತದೆ, *03ರಲ್ಲಿ ಅಲ್ಲೂ ಟಿಎಸಿಯೇ. ಮುಂದೆ ಟ್ರಿಪ್ಟೋಫಾನ್ ದಾಟಿದ ಮೇಲೆ *02ರಲ್ಲಿ ಜಿಜಿಸಿ ಸಿಎಎ, *03ರಲ್ಲಿ ಜಿಜಿಸಿ ಎಎಎ. ಅಷ್ಟೇ. ಉದ್ದನೆಯ ಜೆ ಪ್ರೈಮರ್ ಈ ಎರಡನೇ ಗುರುತನ್ನು ಮುಚ್ಚಿ ತನ್ನ ಅಕ್ಷರಗಳನ್ನೇ ಬರೆದುಬಿಡುತ್ತದೆ. ಮೊದಲ ಗುರುತು ಸಿಡಿಆರ್3ರ ಒಳಗಿದೆ; ವಿ, ಡಿ, ಜೆ ಸೇರುವ, ಜೀವಕೋಶದಿಂದ ಜೀವಕೋಶಕ್ಕೆ ಬೇರೆಯಾಗುವ ಜಾಗ ಅದು. ಜೋಡಣೆಯಾಗುವಾಗ ಜೆ ತುದಿ ಸವೆದರೆ ಅದೂ ಹೋಗುತ್ತದೆ. ಆ ಡೇಟಾದಲ್ಲಿ ಜೆ6 ಕಾಲ್‌ಗಳು (ಯಾವ ಅಲೀಲ್ ಎಂಬ ತೀರ್ಮಾನಗಳು) ಕಲಸಿಹೋಗಿದ್ದು ಇದರಿಂದಲೇ. ಅದನ್ನು ಬದಿಗಿಟ್ಟೆ.

ಬೇಕಾಗಿದ್ದು ಐಜಿಎಂ ಆಂಟಿಬಾಡಿಯ ಸ್ಥಿರ ಭಾಗದ (ಜೆ ಆದ ಮೇಲೆ ಬರುವ, ಬದಲಾಗದ ಭಾಗ) ಪ್ರೈಮರ್‌ನಿಂದ ಮಾಡಿದ, ಯುಎಂಐ (ಪ್ರತಿ ಮೂಲ ಅಣುವಿಗೆ ಹಚ್ಚುವ ಗುರುತು) ಇರುವ, ನೈವ್ (ಇನ್ನೂ ಸೋಂಕನ್ನು ಎದುರಿಸದ) ಬಿ ಜೀವಕೋಶಗಳ ಡೇಟಾ. ಅಂಥದ್ದು ಸಿಕ್ಕಿತು. ದಾನಿಗಳೆಲ್ಲರಲ್ಲೂ ಜೆ6 ಎರಡು ಬಗೆ ಇರಲ್ಲ, ಆದರೆ ಒಬ್ಬರಲ್ಲಿ ಜೆ6 ಎರಡು ಬಗೆಯೂ ಇತ್ತು, 1-69ರ ಇದೇ ಮೂರು ಅಲೀಲೂ ಇದ್ದವು. ಇಷ್ಟು ಹೊಂದಿಕೊಂಡು ಬರುವುದು ಅಪರೂಪ. ಕೂಡಲೇ ಅಕ್ಕನಿಗೆ ಫೋನ್ ಮಾಡಿ ಹೇಳಿದೆ. "ಯಾರ ಕ್ರೋಮೋಸೋಮೋ ಅದು? ಹೆಸರೂ ಗೊತ್ತಿಲ್ಲ ಅಂತೀಯ, ನೆಂಟರ ಮನೆ ಮದುವೆ ಗೊತ್ತಾದಷ್ಟು ಖುಷಿ ಪಡ್ತಿದ್ದೀಯಲ್ಲೋ" ಅಂದಳು. ಖುಷಿ ನಿಜವೇ.

ಈ ನಡುವೆ ಎಸ್.ಪಿ. ರೋಡಿನ ಒಂದು ಅಂಗಡಿಯಿಂದ ತಂದ ರ‍್ಯಾಮ್ ಕೈಕೊಟ್ಟಿತು. ಎರಡು ಕಡ್ಡಿ ಬೇರೆ ಬೇರೆ ವೇಗದವು, ಪ್ಯಾಕೆಟ್ ಮೇಲೆ ಮಾತ್ರ ಒಂದೇ ಸ್ಟಿಕರ್. ದೊಡ್ಡ ಫೈಲ್ ತೆರೆದ ಕೂಡಲೇ ಮಷೀನ್ ಆಫ್. ಬದಲಾಯಿಸಿಕೊಡಿ ಅಂದರೆ "ನಾಳೆ ಬನ್ನಿ ಸರ್" ಅನ್ನುವುದೇ ಉತ್ತರ. ಅದಕ್ಕೇ ಈ ಲಾಗ್ ತಡವಾಗಿದ್ದು. ರ‍್ಯಾಮ್ ಕೊಳ್ಳುವವರು ಅಂಗಡಿಯಲ್ಲೇ ಹಾಕಿಸಿ, ಮೆಮ್‌ಟೆಸ್ಟ್ ಓಡಿಸಿಯೇ ದುಡ್ಡು ಕೊಡಿ.

ಈಗ ಪರೀಕ್ಷೆ. ಮೊದಲು ಸೋರಿಕೆ, ಅಂದರೆ ತಪ್ಪು ಜೆ6 ಜೊತೆ ಬೀಳುವುದು, ಎಷ್ಟಿದೆ ಎಂದು ಅಳೆಯಬೇಕಿತ್ತು. ಅದಕ್ಕೆ ಅದೇ ದಾನಿಯ ಇನ್ನೊಂದು ವಿ ಜೀನ್, 1-2, ಸಿಕ್ಕಿತು. ಅದರಲ್ಲಿ *02 ಮತ್ತು *04 ಎರಡಿವೆ, ಗೊಂದಲ ಇಲ್ಲ. ಒಂದು ಪೂರ್ತಿ ಜೆ6*02 ಕಡೆ, ಇನ್ನೊಂದು ಪೂರ್ತಿ ಜೆ6*03 ಕಡೆ. ತಪ್ಪು ಕಡೆ ಬಿದ್ದಿದ್ದು ಬೆರಳೆಣಿಕೆಯಷ್ಟು. ಯುಎಂಐ ಇಟ್ಟು ಬಹುಮತ ತೆಗೆದ ಡೇಟಾದಲ್ಲಿ ಹೀಗೆಯೇ ಇರಬೇಕು. ಮೊದಲ ಸೈಕಲ್‌ಗಳಲ್ಲೇ ಆದ ಅದಲುಬದಲು ಮಾತ್ರ ಬಹುಮತದಿಂದಲೂ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಸುಮ್ನೆ ಯುಎಂಐ ನಂಬಿ ಕೂರುವ ಹಾಗಿಲ್ಲ.

ಆಮೇಲೆ 1-69. *01 ಜೆ6*02 ಜೊತೆ, *02 ಜೆ6*03 ಜೊತೆ. ಇಲ್ಲಿಯವರೆಗೆ ಸರಿ. *06 ಕೈಮೆರಾ ಆಗಿದ್ದರೆ ಅದರ ಹಿಂಭಾಗ ಬಂದಿರಬೇಕಾಗಿದ್ದು *02 ಅಣುವಿನಿಂದ. ಹಿಂಭಾಗ ಅಂದರೆ ಎಎಎ ಒಂದೇ ಅಲ್ಲ. ಸಿಡಿಆರ್3, ಜೆ, ಸ್ಥಿರ ಭಾಗ ಎಲ್ಲ ಅದರ ಜೊತೆಗೇ ಬರುತ್ತವೆ. ಎರಡನೇ ಬಸ್ಸಿನ ಊರೇ ಕೊನೆಯ ಊರು. ಅಂದರೆ ಕೈಮೆರಾಗಳೆಲ್ಲ ಜೆ6*03 ಹೊತ್ತಿರಬೇಕು. ಆದರೆ *06 ಬಂದಿದ್ದು ಜೆ6*02 ಜೊತೆ. ಬಹುಪಾಲು ಅಲ್ಲ, ಹೆಚ್ಚುಕಡಿಮೆ ಎಲ್ಲವೂ. ಜೆ6*03 ಕಡೆ ಬಿದ್ದ ಕೆಲವು 1-2ರಲ್ಲಿ ಕಂಡ ಸೋರಿಕೆಗಿಂತ ಜಾಸ್ತಿ ಇಲ್ಲ. ಆ ಕೆಲವನ್ನು ತೆರೆದು ನೋಡಿದೆ. ಅವುಗಳ ಸಿಡಿಆರ್3ಗಳೇ *02 ಸೀಕ್ವೆನ್ಸ್‌ಗಳಲ್ಲೂ ಇದ್ದವು. ಅವು ಕೈಮೆರಾಗಳು, ಅನುಮಾನವಿಲ್ಲ. ಆದರೆ ಜೆ6*02 ಕಡೆಯ *06 ಗುಂಪಿನ ಸಿಡಿಆರ್3ಗಳು *02ರಲ್ಲಿ ಒಂದೂ ಇಲ್ಲ.

ಎರಡನೇ ಆರೋಪಿ ಇನ್ನೂ ಉಳಿದಿತ್ತು: *01ರಲ್ಲೇ ಜಿಎಎ ಮ್ಯುಟೇಟ್ ಆಗಿ ಎಎಎ ಆಗಿರಬಹುದಲ್ವಾ? ಹಾಗಾದರೂ ಜೆ6*02 ಕಡೆಯೇ ಬೀಳುತ್ತದೆ. ಇದಕ್ಕೆ ಜೆ6 ಉತ್ತರ ಕೊಡಲ್ಲ. ಇಲ್ಲಿ ನೋಡಬೇಕಾಗಿದ್ದು ಬೇರೆ. ಮ್ಯುಟೇಶನ್ ಆಗಿದ್ದರೆ ಬೇರೆ ಅಕ್ಷರಗಳೂ ಅಲ್ಲಲ್ಲಿ ಬದಲಾಗಿರಬೇಕು, ಮತ್ತು ಒಂದೇ ಜೀವಕೋಶದಿಂದ ಹುಟ್ಟಿದ ಜೀವಕೋಶಗಳಲ್ಲಿ ಗುಂಪಾಗಿ ಕಾಣಬೇಕು. ಇಲ್ಲಿ ಹಾಗಿಲ್ಲ. *06 ಸೀಕ್ವೆನ್ಸ್‌ಗಳಲ್ಲಿ ಹೆಚ್ಚಿನವು ವಿ ಭಾಗದಲ್ಲಿ ಒಂದೂ ವ್ಯತ್ಯಾಸವಿಲ್ಲದೆ *06ಕ್ಕೆ ಪೂರ್ತಿ ಹೊಂದುತ್ತವೆ. ಸಿಡಿಆರ್3 ಉದ್ದ ಚಿಕ್ಕದರಿಂದ ದೊಡ್ಡದರವರೆಗೆ ಹರಡಿದೆ. ಡಿ ಜೀನ್‌ಗಳೂ ಬೇರೆ ಬೇರೆ. ಸಂಖ್ಯೆಯಲ್ಲಿ *01ಕ್ಕೆ ಹೆಚ್ಚುಕಡಿಮೆ ಸಮ. ಅಷ್ಟೊಂದು ಬೇರೆ ಬೇರೆ ಜೀವಕೋಶಗಳು ಅದೇ ಒಂದು ಅಕ್ಷರವನ್ನು ಮಾತ್ರ ಬದಲಾಯಿಸಿಕೊಳ್ಳುವುದು ಆಗದ ಮಾತು.

ಆದ್ದರಿಂದ *01 ಮತ್ತು *06 ಒಂದೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಇವೆ, *02 ಇನ್ನೊಂದರಲ್ಲಿ. 2-70ರಲ್ಲೂ ಜೆ6*02 ಕಡೆ ಎರಡು ಅಲೀಲ್ ಕಾಣುತ್ತವೆ. ಹೆಚ್ಚುವರಿ ತುಂಡು ಅಲ್ಲಿದ್ದರೆ ಹಾಗೆಯೇ ಇರಬೇಕು. ಆದರೆ ರೀಡ್‌ಗಳು ಕಡಿಮೆ, ಹಾಗಾಗಿ ಅದರ ಮೇಲೆ ಭಾರ ಹಾಕುವುದಿಲ್ಲ. *01 ಮತ್ತು *06ರಲ್ಲಿ ಯಾವುದು 1-69ರ ಜಾಗದಲ್ಲಿದೆ, ಯಾವುದು 1-69ಡಿ ಜಾಗದಲ್ಲಿದೆ ಅನ್ನುವುದು ಆರ್‌ಎನ್‌ಎ ಡೇಟಾದಿಂದ ತಿಳಿಯುವುದಿಲ್ಲ. ಅದಕ್ಕೆ ಜೀನೋಮಿನ ಉದ್ದ ರೀಡ್ ಬೇಕು. 2013ರಲ್ಲಿ ಈ ಇಡೀ ಭಾಗವನ್ನು ಒಂದೇ ಹ್ಯಾಪ್ಲೋಟೈಪ್ ಆಗಿ ಓದಿದಾಗಲೂ ಒಂದೇ ಪ್ರತಿ ಇರುವ ಸಿಎಚ್‌ಎಂ1 ಎಂಬ ವಿಶೇಷ ಜೀವಕೋಶಗಳನ್ನೇ ಬಳಸಬೇಕಾಯಿತು. ಒಂದನ್ನೊಂದು ಹೋಲುವ ತುಂಡುಗಳು ಅಷ್ಟಿವೆ ಅಲ್ಲಿ.

ಒಂದು ಅಕ್ಷರಕ್ಕೆ ಇಷ್ಟು ಪರದಾಟ ಯಾಕೆ ಎಂದು ಕೇಳುವವರಿಗೆ ಎರಡು ಕಾರಣ ಹೇಳುತ್ತೇನೆ. ಇನ್‌ಫ್ಲುಯೆಂಜಾ ವೈರಸ್ಸಿನ ಹೊರಮೈಯಲ್ಲಿರುವ ಎಚ್‌ಎ ಪ್ರೋಟೀನಿನ ಕಾಂಡ ಹಿಡಿಯುವ ಹಲವು ಆಂಟಿಬಾಡಿಗಳು 1-69ರಿಂದಲೇ ಬರುತ್ತವೆ. ಅವುಗಳಲ್ಲಿ 54ನೇ ಜಾಗದ ಫಿನೈಲಅಲನಿನ್ ಕಾಂಡದ ಗುಳಿಯೊಳಗೆ ಹೋಗಿ ಕೂರುತ್ತದೆ. ಈ ದಾನಿಗೆ ಅಂಥ ಪ್ರತಿ ಎರಡಿವೆ. ಎರಡನೆಯದು ನಾನು ಅಳತೆಗೋಲಾಗಿ ಬಳಸಿದ 1-2ರ ಕಥೆ. ಎಚ್‌ಐವಿ ಲಸಿಕೆಯ ಐಎವಿಐ ಜಿ001 ಪ್ರಯೋಗದಲ್ಲಿ ಲಸಿಕೆ ಪಡೆದ 36 ಜನರಲ್ಲಿ 35 ಜನರಿಗೆ ಬೇಕಾದ ಬಗೆಯ, 1-2 ಬಳಸುವ ಬಿ ಜೀವಕೋಶಗಳು ಎದ್ದವು. 2022ರಲ್ಲಿ ಫಲಿತಾಂಶ ಬಂತು. ಉಳಿದ ಆ ಒಬ್ಬರಲ್ಲಿ ಇದ್ದದ್ದು 1-2ರ *05 ಮತ್ತು *06. ಅವುಗಳಲ್ಲಿ ಆ ಬಗೆಗೆ ಬೇಕಾದ 50ನೇ ಜಾಗದ ಟ್ರಿಪ್ಟೋಫಾನ್ ಇಲ್ಲ, ಆರ್ಜಿನಿನ್ ಇದೆ. ಹುಟ್ಟಿನಿಂದ ಬಂದ ಅಲೀಲ್ ನೋಡದೆ ಲಸಿಕೆ ಮಾಡಿದರೆ ಕೆಲವರು ಹೊರಗೇ ಉಳಿಯುತ್ತಾರೆ.

ನಮ್ಮ ಜನರ ಅಲೀಲ್‌ಗಳು ಎಷ್ಟು ಗೊತ್ತಿವೆ? 1000 ಜೀನೋಮ್ಸ್ ಎಂಬ ಅಂತರರಾಷ್ಟ್ರೀಯ ಯೋಜನೆಯಲ್ಲಿ ದಕ್ಷಿಣ ಏಷ್ಯಾದ ಐದು ಗುಂಪುಗಳಿವೆ: ಗುಜರಾತಿ, ಪಂಜಾಬಿ, ಬಂಗಾಳಿ, ಶ್ರೀಲಂಕಾ ತಮಿಳು, ತೆಲುಗು. ಕನ್ನಡದವರ ಗುಂಪು ಇಲ್ಲ. ಇರುವುದನ್ನು ಬಳಸುವಾಗಲೂ ಹುಷಾರು. ಆ ಡಿಎನ್‌ಎ ಬಂದಿದ್ದು ವೈರಸ್ಸಿನಿಂದ ಬೆಳೆಸಿದ ಬಿ ಜೀವಕೋಶಗಳಿಂದ. ಅವುಗಳಲ್ಲಿ ವಿಡಿಜೆ ಜೋಡಣೆ ಆಗಲೇ ಆಗಿಹೋಗಿರುವುದರಿಂದ ಈ ಭಾಗದ ತುಂಡುಗಳು ಕತ್ತರಿಸಿಹೋಗಿರುತ್ತವೆ. ಇಲ್ಲದ ಜೀನ್ ಕಂಡು ಹುಟ್ಟಿನಿಂದಲೇ ಇಲ್ಲ ಎಂದು ಬರೆದುಬಿಡಬೇಡಿ. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದಾಳತ್ವ ವಹಿಸಿದ ಜೀನೋಮ್ ಇಂಡಿಯಾದಲ್ಲಿ ಸುಮಾರು 10,000 ಜನರ ಡೇಟಾ ಇದೆ. ಅದರಲ್ಲಿ ಕೆಲವರದ್ದಾದರೂ ಈ ಭಾಗವನ್ನು ಉದ್ದ ರೀಡ್‌ನಲ್ಲಿ ಓದಿಸಬೇಕು ಎಂಬುದು ನನ್ನ ದೊಡ್ಡ ಆಸೆ.

ಮುಂದಿನ ಪ್ರಾಜೆಕ್ಟ್ ಆಗಲೇ ಕೈ ಕೆರೆಯುತ್ತಿದೆ: ಟಿ ಜೀವಕೋಶದ ಗ್ರಾಹಕದ ಬೀಟಾ ಸರಪಳಿ. ಅಲ್ಲಿ ಸೊಮ್ಯಾಟಿಕ್ ಹೈಪರ್‌ಮ್ಯುಟೇಶನ್ (ಬಿ ಜೀವಕೋಶ ತನ್ನ ಆಂಟಿಬಾಡಿ ಜೀನನ್ನು ತಾನೇ ಬದಲಿಸಿಕೊಳ್ಳುವುದು) ಇಲ್ಲ, ಹಾಗಾಗಿ ಎರಡನೇ ಆರೋಪಿಯ ಗೋಜೇ ಇಲ್ಲ. ಜೆ6 ಬದಲು ಟಿಆರ್‌ಬಿಜೆ1-6ರ *01, *02 ಲೇಬಲ್ ಆಗುತ್ತವೆ. 2023ರಲ್ಲಿ 45 ದಾನಿಗಳ ಟಿ ಗ್ರಾಹಕ ಜೀನ್‌ಗಳನ್ನು ಓದಿದವರು ನಿಯಾಂಡರ್ತಲ್‌ರಿಂದ ಬಂದ ಟಿಆರ್‌ಜಿವಿ4 (ಗಾಮಾ ಸರಪಳಿಯ ಒಂದು ವಿ ಜೀನ್) ರೂಪವನ್ನೇ ಪತ್ತೆಹಚ್ಚಿದರು. ಅದನ್ನು ಓದಿದಾಗಿನಿಂದ ಗಾಮಾ ಸರಪಳಿಯನ್ನೂ ಸೇರಿಸಿಕೊಳ್ಳಬೇಕು ಅನ್ನಿಸುತ್ತಿದೆ, ಆದರೆ ಮೊದಲು ಬೀಟಾ ಮುಗಿಯಲಿ.

ಅದಕ್ಕೂ ಮುಂಚೆ ಇದೇ ಪರೀಕ್ಷೆಯನ್ನು ಇನ್ನೊಬ್ಬ ದಾನಿಯಲ್ಲಿ ಮಾಡಬೇಕು. ಸ್ಕ್ರಿಪ್ಟ್ ಸಿದ್ಧವಾಗಿದೆ, ಕೇಳಿದವರಿಗೆ ಕೊಡುತ್ತೇನೆ. ನಿಮ್ಮ ಬಳಿ ಸ್ಥಿರ ಭಾಗದ ಪ್ರೈಮರ್, ಯುಎಂಐ ಎರಡೂ ಇರುವ ನೈವ್ ಐಜಿಎಂ ಡೇಟಾ ಇದ್ದು, ಜೆ6 ಎರಡು ಬಗೆ ಕಂಡರೆ ಅಕ್ಸೆಶನ್ ಸಂಖ್ಯೆ ಕಳಿಸಿ. 1-69ರಲ್ಲಿ *06 ಜೊತೆ *02 ಇಲ್ಲವೇ *04 (ಇದರಲ್ಲೂ 54ನೇ ಜಾಗದಲ್ಲಿ ಲ್ಯೂಸಿನ್) ಇರುವ ದಾನಿ ಆದರೆ ಇನ್ನೂ ಒಳ್ಳೆಯದು. ಅಲ್ಲಿ *06 ಲ್ಯೂಸಿನ್ ಅಲೀಲಿನ ಕಡೆಯೇ ಕೂತಿದ್ದರೆ ಜೆ6 ಸಾಲುವುದಿಲ್ಲ, ಸಿಡಿಆರ್3 ಒಂದೊಂದನ್ನೇ ತಾಳೆ ನೋಡಬೇಕಾಗುತ್ತದೆ. ಅಂಥ ಕಷ್ಟದ ಕೇಸನ್ನೇ ಈಗ ಹುಡುಕುತ್ತಿದ್ದೇನೆ.